ಕ್ಯಾಮೆರಾ ಕಂಡದ್ದೆಷ್ಟು, ಊಹಿಸಿದ್ದೆಷ್ಟು?

2023ರ ಮಾರ್ಚ್ ತಿಂಗಳಲ್ಲಿ ಒಬ್ಬ ಹವ್ಯಾಸಿ ಮಾಡಿದ ಪ್ರಯೋಗವೊಂದನ್ನು ಮೊಬೈಲಿನಲ್ಲಿ ಫೋಟೋ ತೆಗೆಯುವ ಎಲ್ಲರೂ ತಿಳಿದಿರಬೇಕು. ಚಂದ್ರನ ಒಂದು ಚಿತ್ರವನ್ನು ತೀರಾ ಕುಗ್ಗಿಸಿ, ಕುಳಿಗಳ ಗುರುತೇ ಸಿಗದಷ್ಟು ಮಸುಕು ಮಾಡಿ, ಅದನ್ನು ಕಂಪ್ಯೂಟರ್ ಪರದೆಯ ಮೇಲೆ ಇಡಲಾಯಿತು. ಕೋಣೆಯ ದೀಪ ಆರಿಸಿ, ದೂರ ನಿಂತು, ಸ್ಯಾಮ್‌ಸಂಗ್ ಫೋನಿನ ಜೂಮ್ ಬಳಸಿ ಆ ಮಸುಕು ಉಂಡೆಯ ಫೋಟೋ ತೆಗೆದದ್ದಾಯಿತು. ಬಂದ ಫೋಟೋದಲ್ಲಿ ಕುಳಿಗಳಿದ್ದವು, ಕಲೆಗಳಿದ್ದವು, ಅಂಚು ಹರಿತವಾಗಿತ್ತು. ಪರದೆಯ ಮೇಲೆ ಇಲ್ಲದ ವಿವರ ಫೋಟೋದೊಳಗೆ ಎಲ್ಲಿಂದ ಬಂತು? ಚೌಕಟ್ಟಿನಲ್ಲಿರುವುದು ಚಂದ್ರ ಎಂದು ತಂತ್ರಾಂಶ ಗುರುತಿಸುತ್ತದೆ, ಚಂದ್ರನ ಅನೇಕ ಚಿತ್ರಗಳಿಂದ ಕಲಿತ ಮಾದರಿಯೊಂದು ವಿವರಗಳನ್ನು ಸ್ಪಷ್ಟಗೊಳಿಸುತ್ತದೆ, ಬೇಡವಾದವರು ಆ ಸೌಲಭ್ಯವನ್ನು ನಿಲ್ಲಿಸಿಬಿಡಬಹುದು ಎಂದು ಕಂಪನಿ ವಿವರಿಸಿತು. ತಂತ್ರಜ್ಞಾನದ ಮಟ್ಟಿಗೆ ಚರ್ಚೆ ಅಲ್ಲಿಗೆ ಮುಗಿಯಿತು. ಜ್ಞಾನದ ಮಟ್ಟಿಗೆ ಅದು ಶುರುವಾಗುವುದೇ ಅಲ್ಲಿಂದ. ಕಂಡದ್ದು ಯಾವುದು, ಕಂಡದ್ದರ ಆಧಾರದಿಂದ ಊಹಿಸಿದ್ದು ಯಾವುದು, ಇನ್ನೊಬ್ಬರು ಹೇಳಿದ್ದರಿಂದ ನಂಬಿದ್ದು ಯಾವುದು ಎಂದು ಬಿಡಿಸಿ ನೋಡುವುದು ನಮ್ಮ ದರ್ಶನಗಳು ಶತಮಾನಗಳ ಕಾಲ ಬೆವರು ಸುರಿಸಿದ ಕೆಲಸ. ಪ್ರತ್ಯಕ್ಷ, ಅನುಮಾನ, ಶಬ್ದ ಎಂಬ ಆ ವಿಂಗಡಣೆ ಇಂದು ಕಿಸೆಯೊಳಗಿನ ಕ್ಯಾಮೆರಾಕ್ಕೆ ನೇರವಾಗಿ ಬೇಕಾಗಿದೆ. ಹವ್ಯಾಸಿಯ ಉಪಕರಣ ಕಳೆದ 180ಕ್ಕೂ ಹೆಚ್ಚು ವರ್ಷಗಳಲ್ಲಿ ಎರಡು ಬೇರೆ ಬೇರೆ ಕೆಲಸಗಳನ್ನು ಮಾಡಿದೆ ಎಂಬುದು ನನ್ನ ವಾದ. ಮೊದಲು ಅದು ಕಣ್ಣಿನ ಹರವನ್ನು ಹಿಗ್ಗಿಸಿತು. ಆಮೇಲೆ, ಕಣ್ಣಿಗೆ ಏನೂ ದಕ್ಕದ ಕಡೆ ತಾನೇ ಮಾತಾಡತೊಡಗಿತು. ಎರಡರ ಫಲವೂ ಪರದೆಯ ಮೇಲೆ ಒಂದೇ ಥರ ಕಾಣುವುದರಿಂದ, ಇವನ್ನು ಬೇರ್ಪಡಿಸಿ ಹೇಳುವ ಹೊಣೆ ಈಗ ಫೋಟೋ ತೆಗೆದವರ ಮೇಲೆ ಬಿದ್ದಿದೆ.

ಇರುವ ವಸ್ತು ಯಾಕೆ ಕಾಣುವುದಿಲ್ಲ ಎಂಬುದಕ್ಕೆ ಈಶ್ವರಕೃಷ್ಣನ ಸಾಂಖ್ಯಕಾರಿಕೆ ಎಂಟು ಕಾರಣಗಳನ್ನು ಕೊಡುತ್ತದೆ. ವಸ್ತು ತುಂಬ ದೂರವಿರಬಹುದು, ತುಂಬ ಹತ್ತಿರವಿರಬಹುದು, ಇಂದ್ರಿಯದಲ್ಲಿ ಊನವಿರಬಹುದು, ಮನಸ್ಸು ನಿಲ್ಲದೆ ಅಲೆಯುತ್ತಿರಬಹುದು, ವಸ್ತು ತೀರಾ ಸೂಕ್ಷ್ಮವಾಗಿರಬಹುದು, ನಡುವೆ ಏನಾದರೂ ಅಡ್ಡವಿರಬಹುದು, ಹಗಲಿನಲ್ಲಿ ನಕ್ಷತ್ರ ಮರೆಯಾಗುವಂತೆ ಪ್ರಬಲವಾದದ್ದರ ಎದುರು ದುರ್ಬಲವಾದದ್ದು ಅಡಗಿರಬಹುದು, ಅಥವಾ ತನ್ನಂಥವುಗಳ ನಡುವೆ ಬೆರೆತುಹೋಗಿರಬಹುದು. ಉಡುಪಿಯ ಬಳಿಯ ಪಾಜಕದಲ್ಲಿ ಹುಟ್ಟಿದ ಮಧ್ವಾಚಾರ್ಯರು ಪ್ರಮಾಣಲಕ್ಷಣದಲ್ಲಿ ಪ್ರತ್ಯಕ್ಷವನ್ನು ನಿರೂಪಿಸುವಾಗ ನಿರ್ದೋಷತೆಗೇ ಒತ್ತು ಕೊಟ್ಟರು: ದೋಷವಿಲ್ಲದ ಇಂದ್ರಿಯ ದೋಷವಿಲ್ಲದ ವಿಷಯದೊಡನೆ ಕೂಡಿದಾಗ ಮಾತ್ರ ಅದು ಪ್ರತ್ಯಕ್ಷ. ದೂರ, ಸಾಮೀಪ್ಯ, ಸೂಕ್ಷ್ಮತೆಗಳಂಥವನ್ನು ಅವರ ಪರಂಪರೆಯೂ ದೋಷಗಳೆಂದೇ ಎಣಿಸಿತು. ಜಯತೀರ್ಥರ ಪ್ರಮಾಣಪದ್ಧತಿಯನ್ನು ಓದಿದವರಿಗೆ ಇದು ಗೊತ್ತು. ಈ ಪಟ್ಟಿಯನ್ನು ಕೈಯಲ್ಲಿ ಹಿಡಿದು ಕ್ಯಾಮೆರಾದ ಚರಿತ್ರೆಯನ್ನು ಓದಿದರೆ, ಚದುರಿದಂತೆ ಕಾಣುವ ನೂರಾರು ಆವಿಷ್ಕಾರಗಳು ಒಂದು ಸಾಲಿಗೆ ಬರುತ್ತವೆ. ಕಾಣದಿರುವ ಕಾರಣಗಳನ್ನು ಒಂದೊಂದಾಗಿ ಕಳೆಯುವುದೇ ಅವುಗಳ ಉದ್ದೇಶ.

1838ರ ಸುಮಾರಿಗೆ ದಾಗೆರ್ ಪ್ಯಾರಿಸಿನ ಬುಲೆವಾರ್ ದ್ಯು ಟಾಂಪ್ಲ್ ಎಂಬ ಬೀದಿಯನ್ನು ತನ್ನ ತಗಡಿನ ಮೇಲೆ ಹಿಡಿದ. ಅದು ಗಾಡಿ, ಕುದುರೆ, ಜನರಿಂದ ಗಿಜಿಗುಡುತ್ತಿದ್ದ ಬೀದಿ. ಚಿತ್ರದಲ್ಲಿ ಮಾತ್ರ ಅದು ಹೆಚ್ಚುಕಡಿಮೆ ನಿರ್ಜನ. ಬೆಳಕು ಮೂಡಲು ಹಲವು ನಿಮಿಷ ಬೇಕಾಗಿದ್ದುದರಿಂದ ಚಲಿಸಿದ್ದೆಲ್ಲ ಅಳಿಸಿಹೋಯಿತು. ಬೂಟಿಗೆ ಪಾಲಿಶ್ ಹಾಕಿಸಿಕೊಳ್ಳುತ್ತ ಒಂದೇ ಕಡೆ ನಿಂತಿದ್ದವನ ಆಕೃತಿಯಷ್ಟೇ ಎದ್ದು ಉಳಿಯಿತು. ಈ ಚಿತ್ರ ಸುಳ್ಳು ಹೇಳುತ್ತಿದೆಯೇ? ಅದರಲ್ಲಿರುವ ಒಂದೊಂದು ಗುರುತೂ ಆ ಬೀದಿಯಿಂದ ಬಂದ ಬೆಳಕಿನದೇ. ಅದು ಕಡಿಮೆ ಕಂಡಿತು, ಆದರೆ ಕಾಣದ್ದನ್ನು ಕಂಡೆನೆಂದು ಹೇಳಲಿಲ್ಲ. ಈ ವ್ಯತ್ಯಾಸವನ್ನು ಓದುಗರು ನೆನಪಿಡಬೇಕು, ಮುಂದಿನ ವಾದವೆಲ್ಲ ಇದರ ಮೇಲೆಯೇ ನಿಂತಿದೆ. 1851ರಲ್ಲಿ ಬಂದ ಒದ್ದೆ ಕೊಲೋಡಿಯನ್ ಗಾಜಿನ ಫಲಕವನ್ನು ಆರುವ ಮೊದಲೇ ಬೆಳಕಿಗೆ ಒಡ್ಡಿ ತೊಳೆಯಬೇಕಿತ್ತು. ಹವ್ಯಾಸಿ ಹೋದಲ್ಲೆಲ್ಲ ಕತ್ತಲೆ ಡೇರೆಯೂ ರಾಸಾಯನಿಕಗಳೂ ಜೊತೆಗೆ ಹೋಗಬೇಕಿತ್ತು. 1871ರಲ್ಲಿ ಮ್ಯಾಡಾಕ್ಸ್ ಜೆಲಟಿನ್ ಬಳಸಿದ ಒಣ ಫಲಕದ ದಾರಿ ತೋರಿಸಿದ ಮೇಲೆ ಆ ಹೊರೆ ಇಳಿಯಿತು, ಕ್ರಮೇಣ ಕ್ಷಣದ ಒಂದು ಚೂರು ಹೊತ್ತೂ ಫೋಟೋಕ್ಕೆ ಸಾಕಾಯಿತು. 1878ರಲ್ಲಿ ಮೈಬ್ರಿಜ್ ಸಾಲಾಗಿ ಇಟ್ಟ ಕ್ಯಾಮೆರಾಗಳು, ಓಡುವ ಕುದುರೆಯ ನಾಲ್ಕು ಗೊರಸೂ ಒಂದು ಗಳಿಗೆ ನೆಲ ಬಿಟ್ಟಿರುತ್ತವೆ ಎಂದು ತೋರಿಸಿದವು. ಕುದುರೆಯನ್ನು ಸಾವಿರಾರು ವರ್ಷ ಸಾಕಿದ ಮನುಷ್ಯನ ಕಣ್ಣಿಗೆ ಅದು ದಕ್ಕಿರಲಿಲ್ಲ. 1888ರ ಕೊಡಕ್ ಪೆಟ್ಟಿಗೆಯಲ್ಲಿ 100 ಚಿತ್ರಗಳಿಗಾಗುವ ಸುರುಳಿ ಇತ್ತು. ಮುಗಿದ ಮೇಲೆ ಕ್ಯಾಮೆರಾವನ್ನೇ ಕಾರ್ಖಾನೆಗೆ ಕಳಿಸಿದರೆ ಚಿತ್ರಗಳ ಜೊತೆ ಹೊಸ ಸುರುಳಿ ಹಾಕಿದ ಪೆಟ್ಟಿಗೆ ವಾಪಸು ಬರುತ್ತಿತ್ತು. 1900ರಲ್ಲಿ ಬಂದ ಬ್ರೌನಿಯ ಬೆಲೆ 1 ಡಾಲರ್. 1925ರಲ್ಲಿ ಮಾರುಕಟ್ಟೆಗೆ ಬಂದ ಲೈಕಾ, ಸಿನಿಮಾ ಫಿಲ್ಮನ್ನೇ ಬಳಸಿ, ಕೋಟಿನ ಕಿಸೆಯಲ್ಲಿ ಹಿಡಿಯುವ ಕ್ಯಾಮೆರಾದಿಂದ ಗಂಭೀರ ಕೆಲಸ ಸಾಧ್ಯ ಎಂದು ತೋರಿಸಿತು. ಇವುಗಳಲ್ಲಿ ಯಾವುದೂ ಕಾಣದ್ದನ್ನು ಸೇರಿಸಲಿಲ್ಲ. ಬೆಳಕಿಗೂ ಫಿಲ್ಮಿಗೂ ನಡುವೆ ಇದ್ದ ಒಂದೊಂದು ಅಡ್ಡಿಯನ್ನು ತೆಗೆದವು, ಅಷ್ಟೆ.

ನಮ್ಮ ಮನೆಗಳಿಗೆ ಈ ಚರಿತ್ರೆ ಬಂದದ್ದು ತಡವಾಗಿ. 120 ಫಿಲ್ಮಿನ ಒಂದು ರೋಲಿಗೆ 12 ಚಿತ್ರ ಕೊಡುತ್ತಿದ್ದ ಆಗ್ಫಾ ಕ್ಲಿಕ್ III ಹಲವು ಮಧ್ಯಮವರ್ಗದ ಮನೆಗಳ ಮೊದಲ ಕ್ಯಾಮೆರಾ. ಆಮೇಲೆ 36 ಚಿತ್ರಗಳ 35 ಎಂಎಂ ರೀಲು, ಊರಿನ ಸ್ಟುಡಿಯೋದಲ್ಲಿ ಅದನ್ನು ತೊಳೆಸಿ ಪ್ರಿಂಟ್ ಹಾಕಿಸುವ ಕಾಯುವಿಕೆ. ಇ. ಹನುಮಂತರಾವ್, ಟಿ. ಎನ್. ಎ. ಪೆರುಮಾಳ್ ಅವರಂಥವರು ಬೆಂಗಳೂರಿನಿಂದ ಹೊರಟು ಕಾಡಿನಲ್ಲಿ ಮಾಡಿದ ವನ್ಯಜೀವಿ ಛಾಯಾಗ್ರಹಣ ಈ ಕಾಲದ್ದು. ಇಂದಿನ ಸಂವೇದಕಗಳ ಮುಂದೆ ಆ ಫಿಲ್ಮುಗಳು ತೀರಾ ನಿಧಾನದವು. ನಸುಬೆಳಕಿನಲ್ಲಿ ಹುಲಿ ಎದುರಿಗೆ ನಿಂತರೂ ಚಿತ್ರ ಸಿಗುತ್ತದೆಂಬ ಭರವಸೆ ಇರಲಿಲ್ಲ. ಇಂದಿನ ಹವ್ಯಾಸಿಯ ಕ್ಯಾಮೆರಾ ಹಕ್ಕಿಯ ಕಣ್ಣನ್ನು ತಾನೇ ಹುಡುಕಿ ಫೋಕಸ್ ಹಿಡಿಯುತ್ತದೆ, ಸೆಕೆಂಡಿಗೆ 20ಕ್ಕೂ ಹೆಚ್ಚು ಚೌಕಟ್ಟು ತೆಗೆಯುತ್ತದೆ, ಅರೆಗತ್ತಲಲ್ಲೂ ರೆಕ್ಕೆಯ ಬಡಿತವನ್ನು ನಿಲ್ಲಿಸುತ್ತದೆ. ಹಿಂದಿನವರ ಶ್ರಮವನ್ನು ನೆನೆದು ಇದನ್ನು ಹಳಿಯುವವರ ಜೊತೆ ನಾನಿಲ್ಲ. ಕಷ್ಟಪಟ್ಟು ಕಂಡದ್ದಕ್ಕೆ ಸುಲಭವಾಗಿ ಕಂಡದ್ದಕ್ಕಿಂತ ಹೆಚ್ಚಿನ ಪ್ರಾಮಾಣ್ಯ ಬರುವುದಿಲ್ಲ. ದೂರ, ಸೂಕ್ಷ್ಮತೆ, ಕತ್ತಲೆ, ವೇಗ ಎಂಬ ದೋಷಗಳನ್ನು ಗಾಜು ಮತ್ತು ಸಂವೇದಕ ಕಳೆದರೆ ಆ ಜ್ಞಾನ ಹೆಚ್ಚು ನಿರ್ದೋಷವಾಗುತ್ತದೆಯೇ ಹೊರತು ಅಗ್ಗವಾಗುವುದಿಲ್ಲ. ಸಾಂಖ್ಯರ ಎಂಟರಲ್ಲಿ ಒಂದನ್ನು, ಮನಸ್ಸು ನಿಲ್ಲದಿರುವುದನ್ನು, ಯಾವ ಉಪಕರಣವೂ ಕಳೆದಿಲ್ಲ ಎಂಬುದು ನಿಜ. ಆದರೆ ಅದು ಫಿಲ್ಮಿನ ಕಾಲಕ್ಕೂ ನಿಜವಾಗಿತ್ತು.

ಈ ಮೊದಲ ಕಾಲದ ಮೋಸಗಳನ್ನು ನೋಡಿದರೂ ಇದೇ ಮಾತು ಗಟ್ಟಿಯಾಗುತ್ತದೆ. 1917ರಲ್ಲಿ ಇಂಗ್ಲೆಂಡಿನ ಕಾಟಿಂಗ್ಲಿ ಎಂಬ ಹಳ್ಳಿಯ ಇಬ್ಬರು ಹುಡುಗಿಯರು ಮನೆಯ ಕ್ಯಾಮೆರಾದಲ್ಲಿ ಯಕ್ಷಿಣಿಯರ ಫೋಟೋ ತೆಗೆದರು. ಷರ್ಲಾಕ್ ಹೋಮ್ಸನನ್ನು ಸೃಷ್ಟಿಸಿದ ಆರ್ಥರ್ ಕಾನನ್ ಡಾಯ್ಲ್ 1920ರಲ್ಲಿ ಅದನ್ನು ನಿಜವೆಂದು ನಂಬಿ ಬರೆದರು. ಗಾಜಿನ ನೆಗೆಟಿವ್ ಪರೀಕ್ಷಿಸಿದ ತಜ್ಞ, ಎರಡು ಚಿತ್ರಗಳನ್ನು ಬೆಸೆದ ಗುರುತು ಇದರಲ್ಲಿಲ್ಲ ಎಂದರು. ಅಷ್ಟರ ಮಟ್ಟಿಗೆ ಅವರು ಹೇಳಿದ್ದು ಸರಿಯಾಗಿತ್ತು! ಹುಡುಗಿಯರು ಕಾಗದದಲ್ಲಿ ಕತ್ತರಿಸಿದ ಚಿತ್ರಗಳನ್ನು ಟೋಪಿಯ ಪಿನ್ನುಗಳಿಂದ ನಿಲ್ಲಿಸಿದ್ದರು. 1983ರಲ್ಲಿ, ವೃದ್ಧಾಪ್ಯದಲ್ಲಿ, ಒಪ್ಪಿಕೊಂಡರು. ಕ್ಯಾಮೆರಾ ಮುಂದೆ ಏನೋ ಇತ್ತು, ಅದನ್ನು ಕ್ಯಾಮೆರಾ ಇದ್ದಂತೆಯೇ ಹಿಡಿಯಿತು. ತಪ್ಪಿದ್ದು ನೋಡುಗರ ಅನುಮಾನ, ಕಾಗದವನ್ನು ಯಕ್ಷಿಣಿ ಎಂದು ತೀರ್ಮಾನಿಸಿದ ಬುದ್ಧಿ. ಹಳೆಯ ಉಪಕರಣದಲ್ಲಿ ಪ್ರತ್ಯಕ್ಷದ ಭಾಗ ಯಂತ್ರದೊಳಗಿತ್ತು, ಅನುಮಾನದ ಭಾಗ ಮನುಷ್ಯನ ತಲೆಯೊಳಗಿತ್ತು. ಎರಡಕ್ಕೂ ನಡುವೆ ಒಂದು ನೆಗೆಟಿವ್ ಇತ್ತು, ವಿವಾದ ಬಂದಾಗ ತೆಗೆದು ನೋಡಲು ಒಂದು ವಸ್ತು ಇತ್ತು.

ಡಿಜಿಟಲ್ ಕ್ಯಾಮೆರಾ ಪ್ರತ್ಯಕ್ಷಕ್ಕೂ ಅನುಮಾನಕ್ಕೂ ನಡುವಿನ ಈ ಗೆರೆಯ ಜಾಗ ಬದಲಿಸಿತು. 1975ರಲ್ಲಿ ಕೊಡಕ್‌ನ ಎಂಜಿನಿಯರ್ ಸ್ಟೀವನ್ ಸ್ಯಾಸನ್ ಕಟ್ಟಿದ ಯಂತ್ರ ಕೇವಲ 100 × 100 ಬಿಂದುಗಳ ಕಪ್ಪುಬಿಳುಪು ಚಿತ್ರವನ್ನು ಕ್ಯಾಸೆಟ್ ಟೇಪಿಗೆ ಬರೆಯಲು 23 ಸೆಕೆಂಡು ತೆಗೆದುಕೊಳ್ಳುತ್ತಿತ್ತು. ಅದರ ಮರುವರ್ಷ ಅದೇ ಕಂಪನಿಯ ಬ್ರೈಸ್ ಬೇಯರ್ ಪೇಟೆಂಟ್ ಪಡೆದ ಬಣ್ಣದ ಜಾಲರಿ ಇಂದಿನ ಬಹುಪಾಲು ಕ್ಯಾಮೆರಾ, ಫೋನುಗಳಲ್ಲಿದೆ. ಸಂವೇದಕದ ಅರ್ಧ ಬಿಂದುಗಳು ಹಸಿರನ್ನು, ಕಾಲು ಭಾಗ ಕೆಂಪನ್ನು, ಕಾಲು ಭಾಗ ನೀಲಿಯನ್ನು ಮಾತ್ರ ಅಳೆಯುತ್ತವೆ. ಪ್ರತಿ ಬಿಂದುವಿನ ಉಳಿದೆರಡು ಬಣ್ಣಗಳನ್ನು ಅಕ್ಕಪಕ್ಕದ ಬಿಂದುಗಳನ್ನು ನೋಡಿ ಲೆಕ್ಕ ಹಾಕಲಾಗುತ್ತದೆ. ಹಾಗಾದರೆ ಸಾಧಾರಣ ಡಿಜಿಟಲ್ ಚಿತ್ರದಲ್ಲೂ ಬಣ್ಣದ ಮೂರನೆಯ ಎರಡು ಪಾಲು ಅಳೆದದ್ದಲ್ಲ, ಊಹಿಸಿದ್ದು. ಇಲ್ಲಿ ನನ್ನ ವಾದಕ್ಕೆ ಮೊದಲ ದೊಡ್ಡ ಆಕ್ಷೇಪ ಏಳುತ್ತದೆ: ಊಹೆ ಅಡಿಪಾಯದಲ್ಲೇ ಇರುವಾಗ ಚಂದ್ರನ ಮೇಲೆ ಮಾತ್ರ ಯಾಕೆ ಮುನಿಸು? ಇಷ್ಟಕ್ಕೂ ಮನುಷ್ಯನ ಕಣ್ಣೇ ಊಹಿಸುತ್ತದಲ್ಲ. ಅಕ್ಷಿಪಟಲದಲ್ಲಿ ನರ ಹೊರಹೋಗುವ ಜಾಗ ಕುರುಡಾಗಿದ್ದರೂ ನಮಗೆ ಲೋಕದಲ್ಲಿ ತೂತು ಕಾಣುವುದಿಲ್ಲ. ಆಕ್ಷೇಪದಲ್ಲಿ ತೂಕವಿದೆ. ಬೌದ್ಧರಲ್ಲಿ ದಿಙ್ನಾಗ, ಕಲ್ಪನೆ ಸ್ವಲ್ಪ ಬೆರೆತರೂ ಅದು ಪ್ರತ್ಯಕ್ಷವಲ್ಲ ಎಂಬಷ್ಟು ಕಟ್ಟುನಿಟ್ಟಾದ ನಿಲುವು ತಳೆದ. ಅವನ ಅಳತೆಯಲ್ಲಿ ಯಾವ ಫೋಟೋವೂ ಉಳಿಯದು. ನ್ಯಾಯದರ್ಶನದ ನೈಯಾಯಿಕರು ಅಷ್ಟು ದೂರ ಹೋಗಲಿಲ್ಲ. ವಸ್ತುವನ್ನು ಇಂಥದ್ದು ಎಂದು ಗುರುತಿಸುವ ಸವಿಕಲ್ಪಕವೂ ಪ್ರತ್ಯಕ್ಷವೇ, ಯಾಕೆಂದರೆ ಅದು ಆ ವಸ್ತುವಿನ ಸಂಪರ್ಕದಿಂದಲೇ ಹುಟ್ಟಿದೆ ಎಂದರು. ನನಗೆ ಈ ನಿಲುವು ಸರಿ ಕಾಣುತ್ತದೆ, ಇದರಿಂದಲೇ ಒಂದು ಅಳತೆಗೋಲೂ ಸಿಗುತ್ತದೆ. ಖಾಲಿ ಜಾಗವನ್ನು ತುಂಬಿದ್ದು ಅದೇ ಬೆಳಕೋ, ಬೇರೆ ಬೆಳಕೋ? ಬೇಯರ್ ಜಾಲರಿಯ ಲೆಕ್ಕದಲ್ಲಿ ತುಂಬುವುದು ಅದೇ ದೃಶ್ಯದಿಂದ, ಅದೇ ಕ್ಷಣದಲ್ಲಿ, ಪಕ್ಕದ ಬಿಂದುವಿಗೆ ಬಿದ್ದ ಬೆಳಕು. ಕತ್ತಲಲ್ಲಿ ಹತ್ತಾರು ಚೌಕಟ್ಟುಗಳನ್ನು ಬೇಗಬೇಗ ತೆಗೆದು ಒಟ್ಟುಗೂಡಿಸುವ, 2018ರಿಂದ ಗೂಗಲ್ ಫೋನುಗಳಲ್ಲಿ ಜನಪ್ರಿಯವಾದ ರಾತ್ರಿ ಚಿತ್ರಣದ ವಿಧಾನವೂ ಮುಖ್ಯವಾಗಿ ಇದೇ ಜಾತಿಯದು. ಎದುರಿಗಿರುವ ಮರದಿಂದ ಬಂದ ಬೆಳಕನ್ನೇ ಅದು ಹಲವು ಸಲ ಕೂಡಿಸುತ್ತದೆ. ಚಂದ್ರನ ಪ್ರಯೋಗದಲ್ಲಿ ತುಂಬಿದ್ದು ಬೇರೆ ರಾತ್ರಿಗಳಲ್ಲಿ, ಬೇರೆಯವರು, ಬೇರೆ ಮಸೂರದಿಂದ ಹಿಡಿದ ಬೆಳಕು.

ಹಾಗೆ ಬೇರೆಡೆ ಕಂಡದ್ದು ಇಲ್ಲಿ ಕಂಡಂತೆ ಆಗುವುದಕ್ಕೆ ನ್ಯಾಯದರ್ಶನದಲ್ಲಿ ಒಂದು ಸ್ಥಾನವಿದೆ, ಅದು ಭ್ರಮೆಯ ಅಧ್ಯಾಯದಲ್ಲಿದೆ. ಮರಳಿನ ಮೇಲೆ ಹೊಳೆಯುವ ಚಿಪ್ಪನ್ನು ಬೆಳ್ಳಿ ಎಂದುಕೊಳ್ಳುವವನಿಗೆ ಆ ಬೆಳ್ಳಿ ಎಲ್ಲಿಂದ ಬಂತು? ಅದು ಇಲ್ಲಿಲ್ಲ, ಆದರೆ ಎಲ್ಲೂ ಇಲ್ಲದ್ದೂ ಅಲ್ಲ. ಅಂಗಡಿಯಲ್ಲಿ ಎಂದೋ ಕಂಡ ನಿಜವಾದ ಬೆಳ್ಳಿಯೇ ನೆನಪಿನ ಬಾಗಿಲಿನಿಂದ ಬಂದು ಚಿಪ್ಪಿನ ಮೇಲೆ ಕೂತಿದೆ. ಇದು ಅನ್ಯಥಾಖ್ಯಾತಿ. ಕಲಿತ ಮಾದರಿಯಿಂದ ಚಿತ್ರವನ್ನು ತುಂಬುವ ತಂತ್ರಾಂಶವನ್ನು ಇದಕ್ಕಿಂತ ಕರಾರುವಾಕ್ಕಾಗಿ ವರ್ಣಿಸುವುದು ಕಷ್ಟ. ಅದು ಶೂನ್ಯದಿಂದ ಏನನ್ನೂ ಸೃಷ್ಟಿಸುವುದಿಲ್ಲ, ಬೇರೆಡೆ ನಿಜವಾಗಿ ಕಂಡದ್ದನ್ನೇ ತಂದು ಇಲ್ಲಿ ಇಡುತ್ತದೆ. ಒಂದೇ ವ್ಯತ್ಯಾಸವೆಂದರೆ, ಚಿಪ್ಪನ್ನು ಕೈಗೆತ್ತಿಕೊಂಡ ಮನುಷ್ಯನಿಗೆ ಭ್ರಮೆ ಹರಿಯುತ್ತದೆ. ಫೋಟೋದಲ್ಲಿ ಕೈಗೆತ್ತಿಕೊಳ್ಳಲು ಏನೂ ಇಲ್ಲ; ತುಂಬಿದ ಬಿಂದುವೂ ಅಳೆದ ಬಿಂದುವೂ ಒಂದೇ ಹೊಳಪಿನವು.

ಆದರೆ ಚಂದ್ರ ಬದಲಾಗುವುದಿಲ್ಲವಲ್ಲ, ಭೂಮಿಗೆ ಸದಾ ಒಂದೇ ಮುಖ ತೋರಿಸುತ್ತಾನಲ್ಲ. ತುಂಬಿದ ಕುಳಿಗಳು ನಿಜಕ್ಕೂ ಅಲ್ಲಿವೆ ಎಂದ ಮೇಲೆ ಸುಳ್ಳೆಲ್ಲಿ ಬಂತು ಎಂದು ಕೇಳಬಹುದು. ಈ ಪ್ರಶ್ನೆಯನ್ನೂ ಹಿಂದಿನವರು ಬಿಟ್ಟಿಲ್ಲ. ಬೆಟ್ಟದ ಮೇಲಿನ ಮಂಜನ್ನು ಹೊಗೆ ಎಂದು ತಪ್ಪಾಗಿ ತಿಳಿದು ಅಲ್ಲಿ ಬೆಂಕಿಯಿದೆ ಎನ್ನುತ್ತಾನೆ ಒಬ್ಬ. ಅಲ್ಲಿ ನಿಜಕ್ಕೂ ಬೆಂಕಿಯಿದೆ. ಅವನ ಮಾತು ಸತ್ಯ, ಆದರೆ ಅವನಿಗೆ ಅದು ಗೊತ್ತಿತ್ತು ಎನ್ನಬಹುದೇ? 12ನೆಯ ಶತಮಾನದ ಶ್ರೀಹರ್ಷ ಖಂಡನಖಂಡಖಾದ್ಯದಲ್ಲಿ ಇಂಥ ಆಕಸ್ಮಿಕ ಸತ್ಯಗಳನ್ನು ಎತ್ತಿ ಪ್ರಮಾಣವಾದಿಗಳನ್ನು ಕಾಡಿದ. ಅವನು ಎಳೆದ ತೀರ್ಮಾನಗಳನ್ನು ಒಪ್ಪದವರೂ ಒಂದನ್ನು ಒಪ್ಪಲೇಬೇಕು: ಫಲ ಸರಿಯಿದ್ದ ಮಾತ್ರಕ್ಕೆ ದಾರಿ ಸರಿಯಾಗುವುದಿಲ್ಲ. ಫೋನಿನ ಚಂದ್ರ ಸರಿಯಾಗಿದ್ದರೆ ಅದು ಚಂದ್ರ ಸ್ಥಿರವಾಗಿರುವುದರ ದೆಸೆಯಿಂದ, ಫೋನು ನೋಡಿದ್ದರಿಂದಲ್ಲ. ಚಂದ್ರನೂ ಅಷ್ಟು ಸ್ಥಿರನಲ್ಲ. 2019ರ ಜನವರಿ 21ರ ಚಂದ್ರಗ್ರಹಣದ ಹೊತ್ತಿಗೆ ಬಾಹ್ಯಾಕಾಶದ ಕಲ್ಲೊಂದು ಚಂದ್ರನಿಗೆ ಬಡಿದು ಕಿಡಿಯೊಂದು ಮಿಂಚಿ ಮರೆಯಾಯಿತು. ವೃತ್ತಿಪರ ಖಗೋಳಜ್ಞರ ಜೊತೆಗೆ ಹಲವು ಹವ್ಯಾಸಿಗಳ ದೂರದರ್ಶಕಗಳೂ ಅದನ್ನು ದಾಖಲಿಸಿದವು. ಹಳೆಯ ಚಂದ್ರರಿಂದ ಇಂದಿನ ಚಂದ್ರನನ್ನು ಕಟ್ಟುವ ಯಂತ್ರಕ್ಕೆ ಅಂಥ ಕಿಡಿ ಅಳಿಸಬೇಕಾದ ಕಲೆಯಾಗಿ ಕಂಡರೆ ಆಶ್ಚರ್ಯವಿಲ್ಲ. ಹೊಸದನ್ನು ಕಾಣುವುದು ಪ್ರತ್ಯಕ್ಷಕ್ಕೆ ಮಾತ್ರ ಸಾಧ್ಯ. ಅನುಮಾನ ತನಗೆ ಮೊದಲೇ ಗೊತ್ತಿರುವ ವ್ಯಾಪ್ತಿಯ ಆಚೆ ಹೋಗಲಾರದು.

ಇನ್ನೊಂದು ಆಕ್ಷೇಪ ಚರಿತ್ರೆಯದು: ಫೋಟೋ ಯಾವತ್ತು ಶುದ್ಧವಾಗಿತ್ತು? 1840ರಲ್ಲೇ ಹಿಪಲಿಟ್ ಬಯಾರ್ ತಾನು ನೀರಿನಲ್ಲಿ ಮುಳುಗಿ ಸತ್ತಂತೆ ತನ್ನದೇ ಫೋಟೋ ತೆಗೆದುಕೊಂಡ. 1850ರ ದಶಕದಲ್ಲಿ ಗುಸ್ತಾವ್ ಲ ಗ್ರೇ, ಆಗಿನ ಫಲಕಗಳಲ್ಲಿ ಕಡಲಿಗೆ ಸರಿಯಾದ ಬೆಳಕು ಕೊಟ್ಟರೆ ಆಕಾಶ ಬೆಳ್ಳಗಾಗುತ್ತಿತ್ತೆಂದು, ಕಡಲಿನ ನೆಗೆಟಿವಿಗೆ ಬೇರೆ ಆಕಾಶದ ನೆಗೆಟಿವ್ ಜೋಡಿಸಿ ಅಚ್ಚು ಹಾಕಿದ. ಅದು ಕೂಡ ಬೇರೆ ಬೆಳಕೇ. ನಿಜ, ಚಿತ್ರದ ಮಟ್ಟಿಗೆ ಲ ಗ್ರೇಯ ಆಕಾಶಕ್ಕೂ ಫೋನಿನ ಚಂದ್ರನಿಗೂ ಅಂತರವಿಲ್ಲ. ಅಂತರವಿರುವುದು ಮಾಡಿದವನ ಅರಿವಿನಲ್ಲಿ. ಲ ಗ್ರೇಗೆ ತಾನು ಎಲ್ಲಿ ಜೋಡಿಸಿದೆ ಎಂಬುದು ಗೊತ್ತಿತ್ತು. ಕೇಳಿದವರಿಗೆ ಹೇಳಬಹುದಿತ್ತು, ಮುಚ್ಚಿಟ್ಟರೆ ಆ ಮುಚ್ಚಿಟ್ಟ ಪಾಪ ಅವನದೇ ಆಗುತ್ತಿತ್ತು. ಇಂದಿನ ಹವ್ಯಾಸಿ ಬಟನ್ ಒತ್ತಿದಾಗ ಏನೇನು ಸೇರಿತು ಎಂಬುದು ಅವಳಿಗೇ ತಿಳಿಯದು. ಸುಳ್ಳು ಹೇಳುವ ಇಚ್ಛೆಯೇ ಇಲ್ಲದೆ, ನಿಜ ಹೇಳುವ ಸಾಮರ್ಥ್ಯವೂ ಇಲ್ಲದೆ, ಅವಳು ಒಂದು ಸಾಕ್ಷ್ಯವನ್ನು ಲೋಕದ ಮುಂದಿಡುತ್ತಿದ್ದಾಳೆ. ಉಪಕರಣದ ಚರಿತ್ರೆಯಲ್ಲಿ ನಿಜವಾಗಿ ಹೊಸದು ಇದು, ಮತ್ತು ನನ್ನ ಕಳವಳವೂ ಇದೇ.

ಹವ್ಯಾಸ ಸಂತೋಷಕ್ಕಾಗಿ, ಅದಕ್ಕೆ ಪ್ರಮಾಣಶಾಸ್ತ್ರದ ಭಾರ ಹೊರಿಸುವುದು ಯಾಕೆ ಎನ್ನುವವರ ಮಾತನ್ನು ನಾನು ಹಗುರವಾಗಿ ಕಾಣುವುದಿಲ್ಲ. ನಮ್ಮ ಮನೆಗಳ ಗೋಡೆಯ ಮೇಲೆ ಹಾರ ಹಾಕಿಸಿಕೊಂಡಿರುವ ಅಜ್ಜ ಅಜ್ಜಿಯರ ಎಷ್ಟೋ ಫೋಟೋಗಳು ಯಾವುದೋ ಮದುವೆಯ ಗುಂಪುಚಿತ್ರದಿಂದ ಮುಖ ಬಿಡಿಸಿ, ಸ್ಟುಡಿಯೋದವರು ಕೋಟೋ ಸೀರೆಯೋ ತೊಡಿಸಿ, ಕೈಯಿಂದ ಬಣ್ಣ ತುಂಬಿ ಮಾಡಿಕೊಟ್ಟವು. ಅವುಗಳ ಮುಂದೆ ದೀಪ ಹಚ್ಚುವವರು ಮೋಸ ಹೋಗಿಲ್ಲ. ಬ್ರಹ್ಮಸೂತ್ರಗಳು ಉಪಾಸನೆಯ ಪ್ರತೀಕವನ್ನು ಚರ್ಚಿಸುವಾಗ, ಪ್ರತೀಕವನ್ನು ಧ್ಯಾನಿಸುವವನು ಪ್ರತೀಕವೇ ತಾನೆಂದು ಗ್ರಹಿಸಬಾರದು ಎಂಬ ಎಚ್ಚರಿಕೆ ಕೊಡುತ್ತವೆ. ಆ ಎಚ್ಚರವಿರುವಲ್ಲಿ ಪ್ರತೀಕಕ್ಕೆ ಪೂರ್ಣ ಗೌರವವಿದೆ. ಗೋಡೆಯ ಅಜ್ಜ ಪ್ರತೀಕ. ಅವರು ಯಾವ ದಿನ ಯಾವ ಕೋಟು ತೊಟ್ಟಿದ್ದರು ಎಂಬುದಕ್ಕೆ ಅದನ್ನು ಯಾರೂ ಆಧಾರ ಮಾಡುವುದಿಲ್ಲ. ಕಲೆಗಾಗಿ ಕಟ್ಟಿದ ಚಿತ್ರಗಳಿಗೂ ಇದೇ ನ್ಯಾಯ. ತೊಂದರೆ ಬರುವುದು ಪ್ರತೀಕವು ಪ್ರಮಾಣದ ವೇಷದಲ್ಲಿ ಬಂದಾಗ. 2023ರಲ್ಲಿ ಬಂದ ಪಿಕ್ಸೆಲ್ ಫೋನುಗಳಲ್ಲಿ, ಗುಂಪುಚಿತ್ರದಲ್ಲಿ ಕಣ್ಣು ಮುಚ್ಚಿದವರ ಮುಖವನ್ನು ಹಿಂದೆಮುಂದೆ ತೆಗೆದ ಇನ್ನೊಂದು ಚಿತ್ರದಿಂದ ತಂದು ಕೂರಿಸುವ ಸೌಲಭ್ಯವಿದೆ. ಜನ ಅವರೇ, ಜಾಗ ಅದೇ. ಎಲ್ಲರೂ ಒಟ್ಟಿಗೆ ನಕ್ಕ ಆ ಕ್ಷಣ ಮಾತ್ರ ಎಂದೂ ಘಟಿಸಲಿಲ್ಲ. ಇದು ನನ್ನ ಅಳತೆಗೋಲಿನ ಅಂಚಿನಲ್ಲಿ ನಿಲ್ಲುವ ಪ್ರಕರಣ, ಒಪ್ಪುತ್ತೇನೆ. ಮನೆಯ ಆಲ್ಬಮ್ಮಿಗೆ ಅದು ಸಲ್ಲುತ್ತದೆ. ಆದರೆ 40 ವರ್ಷದ ನಂತರ ಮೊಮ್ಮಕ್ಕಳು ಆ ಆಲ್ಬಮ್ಮನ್ನೇ ಕುಟುಂಬದ ಚರಿತ್ರೆಯೆಂದು ಓದುವರು, ಪಕ್ಕದಲ್ಲಿ ಒಂದು ಸಾಲು ಬರೆದಿಟ್ಟರೆ ಅವರಿಗೆ ಉಪಕಾರ.

ಹವ್ಯಾಸಿಯ ಚಿತ್ರ ಮನೆಯ ಆಚೆಗೂ ಆಧಾರವಾಗುತ್ತದೆ ಎಂಬುದನ್ನು ಹಕ್ಕಿ ನೋಡುವವರು ಚೆನ್ನಾಗಿ ಬಲ್ಲರು. ಇ-ಬರ್ಡ್, ಐ-ನ್ಯಾಚುರಲಿಸ್ಟ್‌ನಂಥ ವೇದಿಕೆಗಳಿಗೆ ನಮ್ಮ ರಾಜ್ಯದ ಹವ್ಯಾಸಿಗಳು ಸೇರಿಸುವ ಫೋಟೋಗಳು ಯಾವ ಹಕ್ಕಿ ಎಲ್ಲಿ, ಯಾವಾಗ ಇತ್ತು ಎಂಬುದಕ್ಕೆ ವಿಜ್ಞಾನಿಗಳು ನೆಚ್ಚುವ ದಾಖಲೆ. ಚಳಿಗಾಲಕ್ಕೆ ಪಶ್ಚಿಮಘಟ್ಟಕ್ಕೆ ಬರುವ ಪುಟ್ಟ ಉಲಿಯಕ್ಕಿಗಳಲ್ಲಿ ಒಂದು ಜಾತಿಯನ್ನು ಇನ್ನೊಂದರಿಂದ ಬೇರ್ಪಡಿಸುವುದು ಹೊಟ್ಟೆಯ ಹಳದಿಯ ಛಾಯೆ, ರೆಕ್ಕೆಯ ಮೇಲಿನ ತೆಳು ಪಟ್ಟಿಯಂಥ ಸೂಕ್ಷ್ಮಗಳ ಮೇಲೆ ನಿಂತಿದೆ. ಸಾಂಖ್ಯರ ಪಟ್ಟಿಯ ಕೊನೆಯ ದೋಷ, ಸಮಾನವಾದವುಗಳಲ್ಲಿ ಬೆರೆತುಹೋಗುವುದು, ಇಲ್ಲಿ ಕಣ್ಣೆದುರಿಗಿದೆ. ಈಗ ಮಬ್ಬು ಬೆಳಕಿನಲ್ಲಿ ತೆಗೆದ ಕಾಳುಕಾಳು ಚಿತ್ರವನ್ನು ಕೃತಕ ಬುದ್ಧಿಯ ತಂತ್ರಾಂಶಕ್ಕೆ ಕೊಟ್ಟರೆ, ಗರಿಗರಿಯೂ ಎಣಿಸುವಂತೆ ಅದು ಹೊಳೆದು ಬರುತ್ತದೆ. ಆ ಗರಿಗಳಲ್ಲಿ ಎಷ್ಟು ಆ ಹಕ್ಕಿಯವು, ಎಷ್ಟು ತಂತ್ರಾಂಶ ಕಲಿತ ಬೇರೆ ಚಿತ್ರಗಳವು? ಗೋಡೆಗೆ ತೂಗುಹಾಕಲು ಈ ಪ್ರಶ್ನೆ ಬೇಡ. ಜಾತಿ ಗುರುತಿಸಲು ಬೇಕೇ ಬೇಕು. ಹವ್ಯಾಸಿ ಸಂಘಗಳು ಈ ಅಪಾಯವನ್ನು ಅರಿಯದೆ ಇಲ್ಲ. ನಿಸರ್ಗ ಛಾಯಾಗ್ರಹಣ ಸ್ಪರ್ಧೆಗಳಿಗೆ ಅಂತರರಾಷ್ಟ್ರೀಯ ಒಕ್ಕೂಟ ಫಿಯಾಪ್, ಅಮೆರಿಕದ ಪಿಎಸ್ಎ, ಬ್ರಿಟನ್ನಿನ ರಾಯಲ್ ಫೋಟೋಗ್ರಾಫಿಕ್ ಸೊಸೈಟಿಗಳು ಒಪ್ಪಿಕೊಂಡ ಸಮಾನ ನಿಯಮ, ಚಿತ್ರಕ್ಕೆ ಏನನ್ನೂ ಸೇರಿಸಬಾರದು, ಜಾಗ ಬದಲಿಸಬಾರದು, ಅಂಚು ಕತ್ತರಿಸುವುದರ ಹೊರತು ಏನನ್ನೂ ತೆಗೆಯಬಾರದು ಎನ್ನುತ್ತದೆ. ಸಂದೇಹ ಬಂದರೆ ಮೂಲ ಕಡತ ಕೇಳುವ ರೂಢಿಯೂ ಇದೆ. ಬಹುಮಾನದ ಚಿತ್ರಕ್ಕೆ ಇರುವ ಈ ಶಿಸ್ತು ಬಹುಮಾನವಿಲ್ಲದ ಚಿತ್ರಕ್ಕೂ ಬೇಕು ಎಂಬುದಷ್ಟೇ ನನ್ನ ಕೇಳಿಕೆ.

ಉಪಕರಣ ಮಾಡಿದ ತೊಡಕನ್ನು ಉಪಕರಣವೇ ಬಿಡಿಸಲಿ ಎಂಬ ಆಸೆಯೂ ಹುಟ್ಟಿದೆ. 2023ರಲ್ಲಿ ಬಂದ ಲೈಕಾ ಎಂ11-ಪಿ, ತೆಗೆದ ಚಿತ್ರಕ್ಕೆ ಗೂಢಲಿಪಿಯ ಸಹಿ ಹಾಕಬಲ್ಲ ಕ್ಯಾಮೆರಾ. ಆಮೇಲೆ ಚಿತ್ರವನ್ನು ತಿದ್ದಿದರೆ ಆ ತಿದ್ದುಪಡಿಯ ಜಾಡು ಸಿಗಬಹುದು. ಒಳ್ಳೆಯ ಹೆಜ್ಜೆ. ಆದರೆ ಅಂಥ ಸಹಿ, ಈ ಕಡತ ಇಂಥ ಯಂತ್ರದಿಂದ ಹೊರಟಿತು ಎನ್ನುತ್ತದೆ; ಹೊರಡುವ ಮೊದಲು ಯಂತ್ರದೊಳಗೆ ಬೆರೆತದ್ದು ಎಷ್ಟರ ಮಟ್ಟಿಗೆ ಊಹೆ ಎಂದು ತೂಗಿ ಹೇಳುವ ಕೆಲಸ ಅದರದ್ದಲ್ಲ. ಜ್ಞಾನವು ತನ್ನಷ್ಟಕ್ಕೆ ತಾನೇ ಪ್ರಮಾಣ, ದೋಷ ಕಂಡಾಗ ಮಾತ್ರ ಕೈಬಿಟ್ಟರೆ ಸಾಕು ಎಂದು ಮೀಮಾಂಸಕರು ವಾದಿಸಿದರು; ಪ್ರಾಮಾಣ್ಯಕ್ಕೆ ಹೊರಗಿನ ಪರೀಕ್ಷೆ ಬೇಕು ಎಂದು ನೈಯಾಯಿಕರು. ಫಿಲ್ಮಿನ ಕಾಲದ ಫೋಟೋವನ್ನು ನಾವು ಮೀಮಾಂಸಕರಂತೆ ನೋಡಿದೆವು, ಬಹಳ ಮಟ್ಟಿಗೆ ಅದು ನಡೆಯಿತು. ಇಂದಿನ ಫೋಟೋವನ್ನು ನೈಯಾಯಿಕರಂತೆ ನೋಡದೆ ಗತಿಯಿಲ್ಲ. ಆ ಹೊರಗಿನ ಪರೀಕ್ಷೆ ಕೊನೆಗೆ ಬಂದು ನಿಲ್ಲುವುದು ಒಬ್ಬ ವ್ಯಕ್ತಿಯಲ್ಲಿ. ನ್ಯಾಯಭಾಷ್ಯಕಾರ ವಾತ್ಸ್ಯಾಯನ ಆಪ್ತ ಯಾರೆಂದು ವಿವರಿಸುವಾಗ ಎರಡು ಗುಣ ಕೇಳುತ್ತಾನೆ: ವಿಷಯವನ್ನು ತಾನು ಕಂಡಿರಬೇಕು, ಕಂಡಂತೆ ತಿಳಿಸುವ ಇಚ್ಛೆಯಿರಬೇಕು. ಇದು ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನ ಎಂದೂ ಸೇರಿಸುತ್ತಾನೆ. ಆಪ್ತನಾಗಲು ಕುಲ ಬೇಡ, ಪದವಿ ಬೇಡ, ದುಬಾರಿ ಕ್ಯಾಮೆರಾ ಅಂತೂ ಬೇಡ. ಹವ್ಯಾಸಿಗೆ ಇಲ್ಲೊಂದು ಅನುಕೂಲವೂ ಇದೆ. ಸಂಪಾದಕರ ಒತ್ತಡವಿಲ್ಲ, ಗಿರಾಕಿಯ ಮರ್ಜಿಯಿಲ್ಲ. ನಿಜ ಹೇಳಿದರೆ ಅವರ ಹೊಟ್ಟೆಪಾಡು ಕೆಡುವುದಿಲ್ಲ.

ಆದ್ದರಿಂದ ಕ್ಯಾಮೆರಾ ಇರುವವರಲ್ಲಿ ನನ್ನ ಬಿನ್ನಹ ಇಷ್ಟು. ನಿಮ್ಮ ಫೋನು ಅಥವಾ ಕ್ಯಾಮೆರಾದ ಸೆಟ್ಟಿಂಗ್ ತೆರೆದು, ದೃಶ್ಯವನ್ನು ಗುರುತಿಸಿ ತಾನೇ ಸುಧಾರಿಸುವ ಸೌಲಭ್ಯ ಯಾವುದು ಎಂದು ಹುಡುಕಿ; ಅದನ್ನು ಆರಿಸಿ ಒಂದು ಚಿತ್ರ, ಹಚ್ಚಿ ಒಂದು ಚಿತ್ರ ತೆಗೆದು, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ದಾಖಲೆಯಾಗಬಲ್ಲ ಚಿತ್ರಗಳಿಗೆ, ಹಕ್ಕಿ, ಗಿಡ, ಆಕಾಶ, ಊರಿನ ಹಳೆಯ ಕಟ್ಟಡ ಯಾವುದೇ ಇರಲಿ, ಸಾಧ್ಯವಿದ್ದರೆ ರಾ ಕಡತವನ್ನೂ ಉಳಿಸಿಕೊಳ್ಳಿ. ಹಿಂದಿನ ನೆಗೆಟಿವಿಗೆ ಈಗ ನಮ್ಮ ಬಳಿ ಇರುವ ಅತಿ ಹತ್ತಿರದ ಬದಲಿ ಅದೇ. ತಂತ್ರಾಂಶ ತುಂಬಿದ್ದನ್ನು ಹಂಚಿಕೊಳ್ಳುವಾಗ, ತುಂಬಿಸಿದ್ದೇನೆ ಎಂದು ಚಿತ್ರದ ಕೆಳಗೆ ಕನ್ನಡದಲ್ಲಿ ಒಂದು ಸಾಲು ಬರೆಯಿರಿ.